ಕೆಳಗಿನಿಂದ ನೋಡಬೇಕಾದ ಚಿತ್ರ

ಸೋಲಾಪುರದ ವಿಜಾಪುರ ರಸ್ತೆಯ ಪಂಢರಿನಾಥರು ಕಚೇರಿಯಲ್ಲಿ ಗುಮಾಸ್ತರು. ಆದರೆ ಅತ್ತ ಅಕ್ಕಲಕೋಟದವರೆಗಿನ ಏಳು ಮಂದಿಗೆ ಅವರು ‘ಮಾಸ್ತರ’. ಅದು ಎಪ್ಪತ್ತರ ದಶಕ. ರೇಡಿಯೊ ಕಟ್ಟುವುದನ್ನು ಕಲಿಸುವವರು ಆ ಕಡೆ ಯಾರೂ ಇರಲಿಲ್ಲ. ಹುಚ್ಚು ಹತ್ತಿದ ಆ ಏಳು ಮಂದಿಯೂ ಅವರೂ ದಪ್ಪನೆಯ ಒಂದು ವಹಿಯನ್ನು, ಅಂದರೆ ನೋಟುಬುಕ್ಕನ್ನು, ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ತಿರುಗಿಸುತ್ತಿದ್ದರು. ತಿಳಿಯದವರು ಪ್ರಶ್ನೆ ಬರೆಯುವುದು, ತಿಳಿದವರು ಅದರ ಕೆಳಗೆ ಉತ್ತರ ಬರೆಯುವುದು; ಅರ್ಧ ಕನ್ನಡ, ಅರ್ಧ ಮರಾಠಿ. ಇಂಗ್ಲಿಷ್ ಪುಸ್ತಕ ಓದಬಲ್ಲವರು ಪಂಢರಿನಾಥರೊಬ್ಬರೇ ಆದ್ದರಿಂದ ಉತ್ತರಗಳು ಹೆಚ್ಚಾಗಿ ಅವರವೇ.

ಹನ್ನೂರಿನ ದರ್ಜಿ ಸಾತಲಿಂಗಪ್ಪ ಒಂದೇ ಪ್ರಶ್ನೆಯನ್ನು ಮೂರು ಸುತ್ತು ಕೇಳಿದ. “ಮಾಸ್ತರ ವಹ್ಯಾಗ ತಗದ ಚಿತ್ರದಂಗ ಕಟ್ಟೀನ್ರಿ. ಕಿವಿ ಹಚ್ಚಿದ್ರ ಸೊಳ್ಳಿ ಹಾಡಿದಂಗ ಕೇಳತೈತಿ. ದನಿ ಯಾಕ ಏರವಲ್ದು?”

ಮೂರನೆಯ ಸಲ ಪಂಢರಿನಾಥರಿಗೆ ಸಿಟ್ಟು ಬಂತು. “ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಾಗಿದೆ. ಬೆಸುಗೆ ನೆಟ್ಟಗೆ ಹಾಕಿರಿ. ರೇಡಿಯೊ ಕಟ್ಟುವುದೆಂದರೆ ಗುಂಡಿ ಹಚ್ಚುವುದಲ್ಲ,” ಎಂದು ಬರೆದರು. ಅಕ್ಕಲಕೋಟದ ಸೈಕಲ್ ಅಂಗಡಿಯ ತುಕಾರಾಮ ಅದರ ಕೆಳಗೆ, “ಗುಂಡಿಗೆ ಒಂದು ಕಾಜಾ ತಗೀರಿ ಸಾತಲಿಂಗಪ್ಪ, ದನಿ ಅದರಾಗಿಂದ ಬರ್ತದ!” ಎಂದು ಸೇರಿಸಿದ. ಮುಂದೆ ವಹಿ ಹೋದಲ್ಲೆಲ್ಲ ಒಂದೊಂದು ಚೇಷ್ಟೆ ಕೂಡಿಕೊಂಡಿತು.

ವಹಿಯ ಸುತ್ತು ಮುಗಿದ ಮೇಲಿನ ಗುರುವಾರ ಪಂಢರಿನಾಥರು ಎಂದಿನಂತೆ ಸ್ವಾಮಿಗಳ ಸಮಾಧಿಯ ದರ್ಶನಕ್ಕೆಂದು ಅಕ್ಕಲಕೋಟದಲ್ಲಿ ಇಳಿದಾಗ, ಬಸ್ಸು ನಿಲ್ಲುವ ಎಸ್ಟಿ ಸ್ಟ್ಯಾಂಡಿನಲ್ಲಿ ಸಾತಲಿಂಗಪ್ಪ ಬಟ್ಟೆಯ ಗಂಟು ಹಿಡಿದು ಕಾಯುತ್ತಿದ್ದ.

“ಮಾಸ್ತರ, ಬೇಕಾದಷ್ಟು ಬೈರಿ. ಆದ್ರ ನನ್ನ ತಪ್ಪು ಎಲ್ಲೈತಿ ಅಂತ ಒಮ್ಮಿ ತೋರಸ್ರಿ.”

ಅಲ್ಲೇ ಬೇವಿನ ಮರದ ಕೆಳಗೆ ಗಂಟು ಬಿಚ್ಚಿದರು. ಒಳಗಿದ್ದ ರೇಡಿಯೊದ ತಂತಿಗಳು ಹೊಲಿಗೆ ಹಾಕಿದಂತೆ ನೇರ. ತಪ್ಪು ಒಂದೇ ನೋಟಕ್ಕೆ ಕಂಡಿತು. ದನಿ ಏರಿಸುವ, ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರನ್ನು ಕೆಳಗಿನಿಂದ ನೋಡಿ ತೆಗೆದ ಚಿತ್ರ ಇಂಗ್ಲಿಷ್ ಪುಸ್ತಕದಲ್ಲಿತ್ತು. ‘ಕೆಳಗಿನಿಂದ’ ಎಂಬುದನ್ನು ಪಂಢರಿನಾಥರು ವಹಿಗೆ ಇಳಿಸಿರಲೇ ಇಲ್ಲ. ಮೇಲಿನಿಂದ ನೋಡಿ ಜೋಡಿಸಿದವನಿಗೆ ಎಡದ ಕಾಲು ಬಲಕ್ಕೆ ಹೋಗಿತ್ತು. ಉಳಿದವರು ಯಾರೂ ಆ ಚಿತ್ರದಂತೆ ಕಟ್ಟಿರಲಿಲ್ಲ. ಪಂಢರಿನಾಥರೂ ಕಟ್ಟಿರಲಿಲ್ಲ.

“ಬೆಸುಗಿ ಸಡಲ ಆಗ್ಯದ,” ಅಂದರು. “ನನ್ನ ಕಡೆ ಇರಲಿ, ಸುದ್ದ ಮಾಡಿ ಕಳಸ್ತೀನಿ.”

ಅವತ್ತು ಸ್ವಾಮಿಗಳ ಮುಂದೆ ಕೈಮುಗಿದರು, ಕಣ್ಣೆತ್ತಲಿಲ್ಲ.

ಮನೆಗೆ ಬಂದು ಎರಡು ಕಾಲು ಅದಲುಬದಲು ಮಾಡಿದ್ದೇ ತಡ, ರೇಡಿಯೊ ಗಟ್ಟಿಯಾಗಿ ಹಾಡಿತು. ಹೆಂಡತಿ ವೇಣೂಬಾಯಿ ಒಲೆ ಬಿಟ್ಟು ಬಂದರು. “ಛಂದ ಹಾಡ್ಲಿಕ್ಕತ್ತದಲ್ಲ! ನಿಮ್ಮ ಮಾರಿ ಯಾಕ ಹಿಂಗ?” ಪಂಢರಿನಾಥರು ಅದನ್ನು ಆರಿಸಿ ಮತ್ತೆ ಬಟ್ಟೆಯಲ್ಲಿ ಗಂಟು ಕಟ್ಟಿದರು. ರೇಡಿಯೊವನ್ನು ಹನ್ನೂರಿನ ಬಸ್ಸಿನಲ್ಲಿ ಕಳಿಸಿಬಿಟ್ಟರು.

ಮರುಸುತ್ತಿನ ವಹಿಯಲ್ಲಿ ಸಾತಲಿಂಗಪ್ಪನ ಅಕ್ಷರವಿತ್ತು. “ಮಾಸ್ತರ ಹೇಳಿದ್ದು ಖರೆ. ನನ್ನ ಕೈನ ಸುದ್ದ ಇಲ್ಲ. ಎಲ್ಲಾರ ವ್ಯಾಳ್ಯಾ ಕೆಡಿಸಿದೆ, ಕ್ಷಮಾ ಮಾಡ್ರಿ. ಸಾಮಾನೆಲ್ಲ ಕೊಟ್ಟುಬಿಟ್ಟೀನಿ. ಇನ್ನ ನನಗ ವಹಿ ಕಳಸಬ್ಯಾಡ್ರಿ.”

ಪಂಢರಿನಾಥರು ಆ ಸಾಲುಗಳನ್ನು ಎರಡು ಸಲ ಓದಿದರು. ಮರುದಿನ ಕಚೇರಿಗೆ ರಜೆ ಹಾಕಿ, ವಹಿಯನ್ನು ಕಂಕುಳಲ್ಲಿಟ್ಟುಕೊಂಡು ಹನ್ನೂರಿಗೆ ಹೋದರು.

“ಮಾಸ್ತರ! ಬರ್ರಿ, ಕೂಡ್ರಿ,” ಎಂದು ಸಾತಲಿಂಗಪ್ಪ ಹೊಲಿಗೆ ಬಿಟ್ಟು ಎದ್ದ. ಕುಪ್ಪಸ ಹೊಲಿಸಲು ಬಂದಿದ್ದ ಇಬ್ಬರು ಹೆಂಗಸರು ಪಕ್ಕಕ್ಕೆ ಸರಿದರು.

“ಕೂಡೂದಿಲ್ಲ. ನನ್ನ ಚಿತ್ರನ ತಪ್ಪಿತ್ತು, ಸಾತಲಿಂಗಪ್ಪ. ಅವತ್ತ ನೋಡಿದ ಕೂಡ್ಲೆ ಗೊತ್ತಾಗಿತ್ತು. ಸುಳ್ಳ ಹೇಳಿದೆ.”

“ಹಂಗಾರ ನನ್ನ ಕೈ?”

“ಅಷ್ಟು ಸುದ್ದ ಬೆಸುಗಿ ನಾ ಎಲ್ಲೂ ಕಂಡಿಲ್ಲ.”

ಸಾತಲಿಂಗಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಬೈದಿದ್ದರೆ ಪಂಢರಿನಾಥರಿಗೆ ಹಗುರಾಗುತ್ತಿತ್ತು, ಅವನು ಬೈಯಲಿಲ್ಲ.

“ಇಲ್ಲಿ ಹೇಳಿದ್ರಿ, ಹನ್ನೂರಿಗೆ ಗೊತ್ತಾತು,” ಅಂದ ಮೆಲ್ಲಗೆ. “ನಕ್ಕವರು ಊರೂರಿಗೆ ಅದಾರ್ರಿ.”

ಕತ್ತರಿಸಿದ ಬಟ್ಟೆಯನ್ನು ಸರಿಸಿ ಹಲಗೆಯ ಮೇಲೆ ಜಾಗ ಮಾಡಿಕೊಟ್ಟ. ಪಂಢರಿನಾಥರು ವಹಿ ತೆರೆದು ಕೂತರು.

“ಎಷ್ಟ ಬರೀಲಿ?”

“ಎಲ್ಲಾ ಬರೀರಿ. ಎಸ್ಟಿ ಸ್ಟ್ಯಾಂಡಿನಾಗ ಅಂದದ್ದೂ.”

ಅದೊಂದನ್ನು ಬಿಡಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ ಪಂಢರಿನಾಥರು ಮೊದಲ ಸಾಲಿನಲ್ಲಿ ಅದನ್ನೇ ಬರೆದರು.