ಚೆಂಬು ನೀರಿನ ಗಾದಿಲಿಂಗಣ್ಣ

ವಿಧಾನಸಭೆಯ ಸಮಿತಿ ಕೆರೆ ನೋಡಲು ಬರುವ ದಿನ ಏನೇನು ಕೆಡಬಹುದು ಎಂದು ನಾನು ವಾರದ ಮೊದಲೇ ಯೋಚಿಸತೊಡಗಿದ್ದೆ. ಸಿರುಗುಪ್ಪ ದಾಟುತ್ತಿದ್ದಂತೆ ಅಧ್ಯಕ್ಷರ ಕಾರು ಪಂಕ್ಚರ್ ಆಗಬಹುದು. ಭತ್ತದ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಲ್ಲಬಹುದು. ಶಾಮಿಯಾನ ಹಾರಬಹುದು, ಮೈಕು ಕೈಕೊಡಬಹುದು, ಯಾರಾದರೂ ಕಪ್ಪು ಬಾವುಟ ತೋರಿಸಬಹುದು, ಇಂಜಿನಿಯರ್ ಕೆರೆ ಏರಿಯಿಂದ ಜಾರಿ ಬೀಳಬಹುದು, ಉಪ್ಪಿಟ್ಟು ಹಳಸಬಹುದು. ಕೆರೆಯ ಪಕ್ಕದ ಹುಣಸೆಮರದಲ್ಲಿ ಒಂದು ಜೇನುಗೂಡು ಬೇರೆ ಇತ್ತು. ಅದನ್ನು ನೋಡಿ ಬರಲೆಂದೇ ಬಸ್ಸು ಹತ್ತಿ ಹೋಗಿದ್ದೆ.

"ಏನ್ ಮಾಸ್ತರ, ಇವತ್ತ ಯಾವ ಕಡಿಂದ ಆಸ್ಮಾನ ಬೀಳ್ತೈತಿ?" ಎಂದು ಗಾದಿಲಿಂಗಣ್ಣ ನಕ್ಕಿದ್ದರು. ದಿನಾ ಬೆಳಿಗ್ಗೆ ಅವರು ನನ್ನನ್ನು ಮಾತಾಡಿಸುತ್ತಿದ್ದುದೇ ಹಾಗೆ.

ಅವರು ಆಗ ನಮ್ಮ ಶಾಸಕರು. ನಾನು ಹೈಸ್ಕೂಲಿನಿಂದ ನಿಯೋಜನೆಯ ಮೇಲೆ ಅವರ ಆಪ್ತ ಸಹಾಯಕನಾಗಿ ಬಂದವನು. ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಸರ್ಕಾರ ಅದಕ್ಕೆ ಸಂಬಳ ಕೊಟ್ಟದ್ದು ಆ ಒಂದು ಅವಧಿಯಲ್ಲಿ ಮಾತ್ರ.

ಅಣ್ಣನಿಗೆ ಒಂದು ಅಭ್ಯಾಸವಿತ್ತು. ಯಾವ ಊರಿಗೆ ಹೋದರೂ ಮೊದಲು ನೀರು ಕೇಳುವರು. ನಮ್ಮ ಕಡೆ ಕಾಲುವೆಗೆ ನೀರು ಬಿಟ್ಟಾಗಲೇ ಊರ ಕೆರೆ ತುಂಬಿಸಿಕೊಳ್ಳಬೇಕು. ಕಾಲುವೆ ಬಂದ್ ಆದ ಮೇಲೆ ಬೇಸಿಗೆಯಿಡೀ ಅದನ್ನೇ ಕುಡಿಯಬೇಕು. ಹಾಗಾಗಿ ಚೆಂಬಿನ ನೀರು ಕುಡಿದರೆ ಊರಿನ ಕಷ್ಟ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಚೆಂಬು ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ತೀರ್ಪು ಕೊಡುವರು: "ಬಾದನಹಟ್ಟಿ ನೀರು ಸಿಹಿ ಅದಾವು. ನಿಮ್ ಕೆರಿ ತಳಾ ಕಂಡೈತಿ, ಮಣ್ಣಿನ ವಾಸನಿ ಬರಾಕತ್ತೈತಿ." ಯಾವ ಓಣಿ, ಯಾರ ಮನೆ ಎಂದು ನೋಡಿದವರಲ್ಲ. ಬೇರೆ ಲೀಡರುಗಳು ದೂರದಿಂದ ಕೈಮುಗಿದು ಹೋಗುತ್ತಿದ್ದ ಕೇರಿಗಳಲ್ಲಿ ಇವರು ಕಟ್ಟೆಯ ಮೇಲೆ ಕುಳಿತು ಚೆಂಬಿಗೆ ಕೈಚಾಚುವರು. ಆ ಚೆಂಬಿನಿಂದಲೇ ಗೆದ್ದರು ಎಂದು ಎದುರಾಳಿಗಳೂ ಹೇಳುತ್ತಿದ್ದರು.

ಹಚ್ಚೊಳ್ಳಿಯ ಆಚೆ, ಕಾಲುವೆಯ ಕೊನೆಗೆ ಒಂದು ಊರು. ಹೆಸರು ಬೇಡ, ಯಾರಾದರೂ ಬೇಸರ ಮಾಡಿಕೊಂಡಾರು. ಅದರ ಕೆರೆ ಸೋರುತ್ತಿತ್ತು. ಅರ್ಧ ಬೇಸಿಗೆಗೇ ಹೆಂಗಸರು ಕೊಡ ಹಿಡಿದು ಟ್ಯಾಂಕರಿಗೆ ಕಾಯಬೇಕು. ಅಣ್ಣ ಸದನದಲ್ಲಿ ಕೇಳಿದಾಗ ಮಂತ್ರಿಗಳು ದುರಸ್ತಿ ಮಾಡಿಸುತ್ತೇವೆ ಎಂದರು. ಮಾತು ಅಲ್ಲಿಗೇ ನಿಂತಿತು. ಆಗ ಅಣ್ಣ ತಾವಾಗಿ ಕೇಳಿ ಸೇರಿದ್ದು ಭರವಸೆಗಳ ಸಮಿತಿಗೆ. ಸದನದಲ್ಲಿ ಮಂತ್ರಿಗಳು ಕೊಟ್ಟ ಮಾತು ಏನಾಯಿತೆಂದು ಅಧಿಕಾರಿಗಳನ್ನು ಕರೆಸಿ ಕೇಳುವ ಸಮಿತಿ ಅದು.

ಅವರ ಹಳೆಯ ದೋಸ್ತ, ಬಾದನಹಟ್ಟಿಯ ರಾಮಾಂಜಿನಿ, ಇದನ್ನು ಕೇಳಿ ಹಣೆ ಬಡಿದುಕೊಂಡಿದ್ದ. "ಯಾವುದಾರ ನಿಗಮ ಕೇಳೂದು ಬಿಟ್ಟು ಇದೇನು ತಗೊಂಡಿ ಲೇ? ಭರವಸಿ ಸಮಿತಿಯಿಂದ ಏನ್ ಬರ್ತೈತಿ?"

"ನೀರು ಬರ್ತೈತಿ ಲೇ."

"ನೀರು ಬರೂದ್ರಾಗ ನೀ ಇರ್ತಿಯೇನು?"

ಅಣ್ಣ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

ಸಮಿತಿ ಎಂದರೆ ಪ್ರವಾಸ. ಬೇರೆ ಜಿಲ್ಲೆಗಳ ಸೇತುವೆ, ಹಾಸ್ಟೆಲು, ಆಸ್ಪತ್ರೆಗಳನ್ನು ನೋಡಿಕೊಂಡು ಅಣ್ಣ ತಿಂಗಳಲ್ಲಿ ಎಷ್ಟೋ ದಿನ ಊರಲ್ಲಿರುತ್ತಿರಲಿಲ್ಲ. ಕುರುಗೋಡಿನ ಅವರ ಮನೆಯ ಪಡಸಾಲೆಯಲ್ಲಿ ಬಂದವರಿಗೆಲ್ಲ ಚಹಾ ಕೊಟ್ಟು ಸಮಾಧಾನ ಹೇಳುವುದು ನನ್ನ ಪಾಲಿಗೆ ಬಂತು. "ಯಾರದೋ ಊರಿನ ಸೇತುವಿ ನೋಡಾಕ ಹೋಗ್ಯಾರಂತ. ನಮ್ಮಪ್ಪ ತೀರಿಕೊಂಡಾಗ ಮಾರಿ ತೋರಿಸಾಕ ಬರ್ಲಿಲ್ಲ" ಎಂದು ಒಬ್ಬಾತ ಚಹಾ ಮುಟ್ಟದೆ ಎದ್ದುಹೋದ. ಫೋನಿನಲ್ಲಿ ಹೇಳಿದರೆ ಅಣ್ಣನದು ಒಂದೇ ಮಾತು: "ಸಮಿತಿನ ಆ ಕೆರಿ ಮ್ಯಾಲ ತಂದು ನಿಲ್ಲಸ್ತೀನಿ. ಆಮ್ಯಾಲ ಎಲ್ಲಾ ಸರಿ ಆಗ್ತೈತಿ, ಸುಮ್ನಿರ್ರಿ ಮಾಸ್ತರ."

ತಂದು ನಿಲ್ಲಿಸಿದರು. ಚುನಾವಣೆಗೆ ಇನ್ನೂ ಸಮಯವಿತ್ತು. ಏರಿಯ ಕೆಳಗೆ ಶಾಮಿಯಾನ. ಒಂದು ಕಡೆ ಸಮಿತಿ, ಎದುರಿಗೆ ಅಧಿಕಾರಿಗಳು, ಹಿಂದೆ ಊರಿನವರು. ಅಣ್ಣ ಪ್ರಶ್ನೆ ಕೇಳಿದರೆ ಅಧಿಕಾರಿಗಳು ಬೆವರು ಒರೆಸಿಕೊಳ್ಳುತ್ತಿದ್ದರು. ಕೆರೆಯ ಪಕ್ಕದ ಕೇರಿಯ ಹುಲಿಗೆಮ್ಮ ಎಂದಿನಂತೆ ಚೆಂಬು ತಂದಳು. ಗೋಡೆಯ ಮೇಲೆ ಬುದ್ಧನ ಪಟವಿದ್ದ ಅವಳ ಮನೆಯ ಕಟ್ಟೆ ಅಣ್ಣನ ಕಾಯಂ ಜಾಗ. ಸ್ವಲ್ಪ ಹೊತ್ತಿಗೆ ಆಕೆ ಅದೇ ಚೆಂಬನ್ನು ತುಳುಕದಂತೆ ಹಿಡಿದು ಮನೆಯತ್ತ ನಡೆದದ್ದು ಕಂಡಿತು. ನಡುವೆ ಏನಾಯಿತೋ ನಾನು ನೋಡಲಿಲ್ಲ. ನನ್ನ ಕಣ್ಣು ಜೇನುಗೂಡಿನ ಮೇಲಿತ್ತು.

ಮಳೆಗಾಲದೊಳಗೆ ದುರಸ್ತಿ ಶುರುವಾಗಬೇಕೆಂದು ಸಮಿತಿ ಗಡುವು ಕೊಟ್ಟಿತು. ಜೇನು ಏಳಲಿಲ್ಲ, ಉಪ್ಪಿಟ್ಟು ಕೂಡ ಚೆನ್ನಾಗಿತ್ತು. ನಾನು ಹಗುರಾದೆ. ಆದರೆ ಹೊರಡುವಾಗ ಕಾರಿನ ಸುತ್ತ ಯಾರೂ ಮುತ್ತಲಿಲ್ಲ. ಕೇರಿಯವರು ಬಾಗಿಲುಗಳಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದರು. "ಈ ಊರು ಇಷ್ಟು ತಣ್ಣಗ ಎಂದೂ ಇರ್ಲಿಲ್ಲ ಮಾಸ್ತರ" ಎಂದರು ಅಣ್ಣ. ಬಿಸಿಲು ಜಾಸ್ತಿ ಇದೆಯಲ್ಲ, ಅದಕ್ಕೇ ಎಂದೆ. ಚಿಂತೆ ಮಾಡಬೇಕಾಗಿದ್ದ ಒಂದೇ ಒಂದು ಹೊತ್ತಿನಲ್ಲಿ ನಾನು ಧೈರ್ಯ ಹೇಳಿದ್ದೆ.

ಚುನಾವಣೆ ಬಂದು ಪ್ರಚಾರಕ್ಕೆ ಹೋದಾಗ ಆ ತಣ್ಣನೆಯ ಭಾವ ಊರಿಂದೂರಿಗೆ ಹಬ್ಬಿತ್ತು. ಕೊಳಗಲ್ಲಿನ ಕಡೆಯಿಂದಲೂ ಅದೇ ಸುದ್ದಿ: ಸಮಿತಿ ಸೇರಿದ ಮೇಲೆ ಅಣ್ಣ ದೊಡ್ಡವರಾದರಂತೆ. ಕೇರಿಗಳಲ್ಲಿ ನೀರು ಕೇಳಿದರೆ "ತಂದ್ವಿ ಅಣ್ಣಾರ" ಎಂದು ಒಳಗೆ ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ. ಅಣ್ಣ ಬಾಗಿಲನ್ನೇ ನೋಡುತ್ತ ನಿಲ್ಲುವರು; ಹಿಂದಿದ್ದ ಕಾರ್ಯಕರ್ತರು ಮುಂದಕ್ಕೆ ತಳ್ಳುವರು. ಬಳ್ಳಾರಿಯಲ್ಲಿ ಮತ ಎಣಿಕೆ ನಡೆದಾಗ, ಅವರನ್ನು ಗೆಲ್ಲಿಸಿದ್ದ ಕೇರಿಗಳ ಪೆಟ್ಟಿಗೆಗಳೇ ಅವರನ್ನು ಮುಳುಗಿಸಿದವು.

ಕೆರೆ ಮಾತ್ರ ಆಯಿತು. ಸಮಿತಿಯ ಗಡುವಿಗೆ ಹೆದರಿ ಕೆಲಸ ಮುಗಿಸಿದರು. ಮುಂದಿನ ಹಂಗಾಮಿಗೆ ತುಂಬಿದಾಗ ಹೊಸ ಶಾಸಕರು ಬಂದು ಬಾಗಿನ ಬಿಟ್ಟರು.

ಗಾದಿಲಿಂಗಣ್ಣ ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಅವರನ್ನು ನಾನು ಕೊನೆಯ ಸಲ ಕಂಡದ್ದು ಆ ಕೆರೆಯ ಊರಿಗೆ ಇಬ್ಬರೂ ಬಸ್ಸಿನಲ್ಲಿ ಹೋದಾಗ. ಕೆರೆ ನೋಡಬೇಕು ಅಂದಿದ್ದರು. ಏರಿಯ ಮೇಲೆ ಬಹಳ ಹೊತ್ತು ನಿಂತು, ಇಳಿದುಬಂದು ಹುಲಿಗೆಮ್ಮನ ಕಟ್ಟೆಯ ಮೇಲೆ ಕುಳಿತರು.

"ಬರ್ರಿ ಅಣ್ಣಾರ, ಬರ್ರಿ. ಎಷ್ಟು ಸೊರಗೀರಿ!"

"ನೀರು ಕೊಡು ಹುಲಿಗೆಮ್ಮ. ಹೊಸಾ ಕೆರಿ ನೀರು ಹೆಂಗ ಅದಾವು ನೋಡೂನು."

ಅವಳು ಒಳಗೆ ಹೋಗಲಿಲ್ಲ. ಸೆರಗು ಹೊದ್ದುಕೊಂಡು ಬೀದಿಗಿಳಿದು ನಡೆದಳು. ನಾವು ಕಾದೆವು. ಎದುರಿಗೆ ಕೆರೆ ತುಂಬಿ ನಿಂತಿತ್ತು. ಬರುವಾಗ ಅವಳ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ. ಸೆರಗಿನಲ್ಲಿ ಹಿಡಿದು ಬಿರಡೆ ತಿರುವಿ ಅಣ್ಣನ ಮುಂದೆ ಹಿಡಿದಳು.

"ಇದನ್ನ ಕುಡೀರಿ. ಅವತ್ತು ನಾ ಚಂಬು ಹಿಡ್ಕೊಂಡು ನಿಂತಿದ್ದೆ, ನೀವು ಆ ದೊಡ್ಡ ಸಾಹೇಬ್ರು ಕೊಟ್ಟ ಬಾಟ್ಲಿ ಕುಡದ್ರಿ. ನಮ್ ನೀರು ನಿಮಗ ಆಗಂಗಿಲ್ಲ ಅಂತ ನನಗ ತಿಳಿದಿದ್ದಿಲ್ಲ ನೋಡ್ರಿ."

ಕೊಂಕು ಇರಲಿಲ್ಲ. ಬಂದವರಿಗೆ ಸಲ್ಲುವುದನ್ನು ಕೊಡುವ ಉಪಚಾರ ಅಷ್ಟೇ.

"ನನ್ನ ಧ್ಯಾಸ ಆ ಇಂಜಿನಿಯರ್ ಮ್ಯಾಲ ಇತ್ತವ್ವಾ…" ಎಂದರು ಅಣ್ಣ.

"ಇರ್ಲಿ ಬಿಡ್ರಿ. ಕುಡೀರಿ, ತಂಪೈತಿ."

ಅಣ್ಣ ಬಾಟಲಿ ಎತ್ತಿ ಪೂರ್ತಿ ಕುಡಿದರು. ಮೀಸೆ ಒರೆಸಿಕೊಂಡರು. ನೀರು ಹೇಗಿದೆ ಎಂದು ಹೇಳಲಿಲ್ಲ.