ಯಂತ್ರ ಸರಿಯಾಗಿಯೇ ಇತ್ತು

ಬಂದರಿನಲ್ಲಿ ನಮ್ಮದು ಒಣಮೆಣಸಿನ ಸಗಟು ಅಂಗಡಿ. ಅಜ್ಜನ ಕಾಲದಿಂದ ಚೀಲ ಇಳಿಸಿ ಚೀಲ ಏರಿಸಿ ಬದುಕಿದ ನಮ್ಮ ಮನೆತನದಲ್ಲಿ ಗಾಲ್ಫ್ ಆಡಿದವನು ನಾನೊಬ್ಬನೇ. ಐವತ್ತು ದಾಟಿದ ಮೇಲೆ ನನ್ನನ್ನು ಆ ಚಟಕ್ಕೆ ಎಳೆದವನು ಬೋಳಾರದ ಗೆಳೆಯ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು, ಈಗ ಹೋಟೆಲು ನಡೆಸುತ್ತಾನೆ. "ಶುಗರ್ ಉಂಟು, ಹೊಟ್ಟೆ ಉಂಟು, ನಡೆಯುವ ಅಭ್ಯಾಸ ಮಾತ್ರ ಇಲ್ಲ. ಬಾ ಮಾರಾಯ," ಎಂದು ಒಂದು ಭಾನುವಾರ ಕಾರಿಗೆ ಹತ್ತಿಸಿಕೊಂಡು ಊರ ಹೊರಗಿನ ಗುಡ್ಡದ ಮೈದಾನಕ್ಕೆ ಕರೆದೊಯ್ದ. ಅಲ್ಲಿಂದ ವಾರಕ್ಕೊಮ್ಮೆ ತಪ್ಪಲಿಲ್ಲ.

ನನ್ನ ಹುಚ್ಚು ನೋಡಿ ಅಳಿಯ ದುಬೈಯಿಂದ ಬರುವಾಗ ಅಂಗೈಯಗಲದ ಒಂದು ಜಿಪಿಎಸ್ ಯಂತ್ರ ತಂದುಕೊಟ್ಟ. ಚೆಂಡಿನ ಪಕ್ಕ ನಿಂತು ಅದನ್ನು ನೋಡಿದರೆ, ಕುಳಿ ಇರುವ ಹುಲ್ಲಿನ ಹಾಸಿಗೆ, ಅಂದರೆ ಗ್ರೀನ್‌ಗೆ, ಎಷ್ಟು ಗಜ ದೂರವೆಂದು ತೋರಿಸುತ್ತದೆ. ಆ ಲೆಕ್ಕಕ್ಕೆ ತಕ್ಕ ಕೋಲು ಆರಿಸಿ ಹೊಡೆದರಾಯಿತು. ಎರಡು ವರ್ಷ ಅದನ್ನು ಕಣ್ಣುಮುಚ್ಚಿ ನಂಬಿದ್ದೆ.

ಕಳೆದ ಮಳೆಗಾಲ ಮುಗಿದು ಮತ್ತೆ ಆಟ ಶುರುಮಾಡಿದಾಗ ಯಂತ್ರ ಸುಳ್ಳು ಹೇಳತೊಡಗಿತು ಎನ್ನಿಸಿತು. ಅದು ನೂರನಲವತ್ತು ಎಂದರೆ ನನ್ನ ಚೆಂಡು ಅರ್ಧ ದಾರಿಯಲ್ಲೇ ಬೀಳುತ್ತಿತ್ತು. ಕೆಲವೊಮ್ಮೆ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಬ್ಯಾಟರಿ ಬದಲಿಸಿದೆ. ಮಳೆಗಾಲವಿಡೀ ಕಪಾಟಿನಲ್ಲಿದ್ದು ತೇವ ಹಿಡಿದಿರಬೇಕೆಂದು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟೆ.

"ಮಿಷನ್ ಅಲ್ಲ, ನೀನು ಚೆಂಡು ಬಿಟ್ಟು ಮಣ್ಣಿಗೆ ಹೊಡಿತಾ ಇದ್ದಿ," ಎಂದ ಗೆಳೆಯ. ಅದೇ ಯಂತ್ರ ನೋಡಿ, ಅದೇ ಜಾಗದಿಂದ ಹೊಡೆದು, ಚೆಂಡನ್ನು ಗ್ರೀನ್ ಮೇಲೆ ಕೂರಿಸಿ ತೋರಿಸಿದ. ನನಗೆ ಸಿಟ್ಟು ಬಂತು. ಅವನಿಗೆ ಅದೃಷ್ಟ, ನನಗೆ ಹಾಳು ಯಂತ್ರ ಎಂದುಕೊಂಡೆ. ಮನೆಯಲ್ಲೂ ಆಗ ಚಹಾ ಬಗ್ಗಿಸಿದರೆ ಗ್ಲಾಸಿನ ಹೊರಗೆ ಬೀಳುತ್ತಿತ್ತು. "ಫೋನ್ ನೋಡಿಕೊಂಡು ಬಗ್ಗಿಸ್ಬೇಡಿ," ಎಂದು ಹೆಂಡತಿ ಬಟ್ಟೆ ತಂದು ಒರೆಸುತ್ತಿದ್ದಳು. ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೆ ಹೊಳೆಯಬೇಕು?

ನವೆಂಬರಿನ ಒಂದು ಬೆಳಿಗ್ಗೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಚೆಂಡಿನ ಪಕ್ಕ ನಿಂತು ಯಂತ್ರವನ್ನು ಮುಖದೆದುರು ಎತ್ತಿದೆ. ಹಣೆಯ ಬೆವರು ಬಲಗಣ್ಣಿಗೆ ಇಳಿದು ಉರಿಯಿತು. ಕರ್ಚೀಫನ್ನು ಆ ಕಣ್ಣಿಗೆ ಒತ್ತಿ ಹಿಡಿದೆ. ಪರದೆಯಲ್ಲಿ ಏನೂ ಇಲ್ಲ.

"ನೋಡು! ಬಂದ್ ಆಯ್ತು!" ಎಂದು ಕೂಗಿದೆ. ಸಿಟ್ಟಿಗಿಂತ ಗೆದ್ದ ಖುಷಿಯೇ ಹೆಚ್ಚಿತ್ತು. "ಹಾಳಾಗಿದೆ ಅಂತ ಅವತ್ತಿಂದ ಹೇಳ್ತಾ ಇಲ್ವಾ ನಾನು?"

ಗೆಳೆಯ ಬಂದು ನನ್ನ ಭುಜದ ಮೇಲಿಂದ ಇಣುಕಿದ. "ಎಂತ ಬಂದ್? ಉಂಟಲ್ಲ ಮಾರಾಯ. ನೂರಮೂವತ್ತೆಂಟು."

ಕರ್ಚೀಫು ತೆಗೆದೆ. ನೂರಮೂವತ್ತೆಂಟು, ಕಪ್ಪು ಅಕ್ಷರದಲ್ಲಿ ಸ್ಪಷ್ಟವಾಗಿತ್ತು. ಮತ್ತೆ ಒತ್ತಿದೆ. ಇಲ್ಲ. ತೆಗೆದೆ, ಇತ್ತು. ಒತ್ತಿದೆ, ಹೋಯಿತು. ಹಾಗೇ ತಲೆಯೆತ್ತಿ ಗೆಳೆಯನತ್ತ ತಿರುಗಿದೆ. ಅವನಿಗೆ ಮುಖವೇ ಇರಲಿಲ್ಲ. ಮುಖವಿರಬೇಕಾದಲ್ಲಿ ಬೂದಿ ಬಣ್ಣದ ಮಂಜು, ಎಡಬದಿಯ ಅಂಚಿನಲ್ಲಿ ಮಾತ್ರ ಒಂದು ಚೂರು ಹುಲ್ಲಿನ ಹಸಿರು.

"ನೀನು ಎಲ್ಲಿದ್ದಿ?" ಎಂದೆ.

"ಇಲ್ಲೇ, ನಿನ್ನ ಎದುರೇ ಇದ್ದೇನಲ್ಲ." ಅವನ ದನಿ ಬದಲಾಗಿತ್ತು. "ಎಂತ ಆಯ್ತು ನಿನಗೆ?"

ಹುಲ್ಲಿನ ಮೇಲೆ ಕುಳಿತುಬಿಟ್ಟೆ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಆ ಬೆಳಿಗ್ಗೆಯೂ ಪೇಪರ್ ಓದಿ ಬಂದಿದ್ದೆ. ಅವನು ನನ್ನನ್ನು ಎಬ್ಬಿಸಿ, ಚೀಲ, ಕೋಲು ಎಲ್ಲ ಅಲ್ಲೇ ಬಿಟ್ಟು, ಬಲ್ಮಠದ ಕಣ್ಣಿನ ಡಾಕ್ಟರರ ಹತ್ತಿರ ಕಾರು ಓಡಿಸಿದ. ದಾರಿಯುದ್ದಕ್ಕೂ ಬಲಗಣ್ಣನ್ನು ಮುಚ್ಚುತ್ತ ತೆರೆಯುತ್ತ ಇದ್ದೆ. "ಕೈ ತೆಗಿ ಮಾರಾಯ, ನನಗೆ ಹೆದರಿಕೆ ಆಗ್ತದೆ," ಎಂದ.

ಡಾಕ್ಟರ್ ನನ್ನ ಮಗಳ ಪ್ರಾಯದ ಹೆಂಗಸು. ಬಹಳ ಹೊತ್ತು ಪರೀಕ್ಷಿಸಿ, ಇದು ಗ್ಲಾಕೋಮಾ, ಕಣ್ಣಿನ ಒಳಗಿನ ಒತ್ತಡ ಏರಿ ಎಡಗಣ್ಣಿನ ನರ ಹೆಚ್ಚುಕಡಿಮೆ ಸತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು. ಬಲಗಣ್ಣಿನಲ್ಲೂ ಶುರುವಾಗಿತ್ತು. ಬದುಕಿರುವಷ್ಟು ದಿನ ಹನಿ ಹಾಕಿ ಅದನ್ನು ಉಳಿಸಿಕೊಳ್ಳಬೇಕು.

"ಯಾವಾಗ ಹೋಯ್ತು ಡಾಕ್ಟ್ರೇ?"

"ಹೇಳ್ಲಿಕ್ಕೆ ಆಗುದಿಲ್ಲ. ವರ್ಷಗಟ್ಟಲೆ ನಿಧಾನ ಹೋಗಿರ್ತದೆ. ಒಳ್ಳೆ ಕಣ್ಣು ಎಲ್ಲ ಸುಧಾರಿಸಿಕೊಂಡು ಹೋಗ್ತದೆ. ಹತ್ತಿರದ್ದು ಎಷ್ಟು ಹತ್ತಿರ ಅಂತ ಗೊತ್ತಾಗ್ಲಿಕ್ಕೆ ಮಾತ್ರ ಎರಡೂ ಬೇಕು." ಕಾಲ ಬುಡದಲ್ಲಿದ್ದ ಚೆಂಡು ನನ್ನ ಕೋಲಿಗೆ ಸಿಗದಿದ್ದುದು ಅದಕ್ಕೇ.

ಒಂದು ಬೆರಳು ಹೋದರೆ ಗೊತ್ತಾಗುತ್ತದೆ, ಒಂದು ಹಲ್ಲು ಹೋದರೆ ಗೊತ್ತಾಗುತ್ತದೆ. ಕಣ್ಣು ಹೋದದ್ದು ಗೊತ್ತಾಗದೆ ನಾನು ಮದುವೆಗಳಿಗೆ ಹೋಗಿದ್ದೆ, ಹೈವೇಯಲ್ಲಿ ಕಾರು ಓಡಿಸಿದ್ದೆ, ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದಿದ್ದೆ. ವಿಷಯ ಕೇಳಿದವರೆಲ್ಲ ನನ್ನೆದುರಿಗೇ ಒಂದು ಕಣ್ಣು ಮುಚ್ಚಿ ನೋಡಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ತೂಕದವನು, ಲಾರಿ ಡ್ರೈವರು, ಅಡುಗೆಮನೆಯಲ್ಲಿ ಹೆಂಡತಿ.

ಡಿಸೆಂಬರಿನಲ್ಲಿ ಗೆಳೆಯ ಮತ್ತೆ ಮೈದಾನಕ್ಕೆ ಕರೆದೊಯ್ದ. ಯಂತ್ರ ಹೇಳಿದ ದೂರಕ್ಕೆ ಕೋಲು ಆರಿಸುತ್ತೇನೆ. ಹೊಡೆಯುವ ಮುನ್ನ ಕೋಲಿನ ತುದಿಯನ್ನು ಚೆಂಡಿಗೆ ತಾಗಿಸಿ ನೋಡಿಕೊಳ್ಳುತ್ತೇನೆ. ಹತ್ತರಲ್ಲಿ ನಾಲ್ಕು ಸರಿ ಬೀಳುತ್ತವೆ.

ಇದು ರಕ್ತಸಂಬಂಧದಲ್ಲಿ ಬರುವ ಕಾಯಿಲೆ, ಮಕ್ಕಳೂ ಒಡಹುಟ್ಟಿದವರೂ ತೋರಿಸಿಕೊಳ್ಳಬೇಕೆಂದು ಡಾಕ್ಟರ್ ಹೇಳಿದ್ದರು. ಮಗಳ ಕಣ್ಣಿನಲ್ಲಿ ಏನೂ ಇರಲಿಲ್ಲ. ಅಂಗಡಿಯಲ್ಲಿ ನನ್ನ ಜೊತೆಗೇ ಕೂರುವ ಅಣ್ಣ ಮಾತ್ರ, "ನನಗೆ ಎಲ್ಲ ಕಾಣ್ತದೆ," ಎಂದು ಜಾರಿಕೊಳ್ಳುತ್ತಿದ್ದ. "ನನಗೂ ಎಲ್ಲ ಕಾಣ್ತಾ ಇತ್ತು," ಎಂದು ಕೊನೆಗೆ ಕೈಹಿಡಿದು ಎಳೆದುಕೊಂಡು ಹೋದೆ. ಅವನಿಗೂ ಇತ್ತು. ಆದರೆ ಶುರುವಷ್ಟೇ, ಹನಿಗೆ ನಿಲ್ಲುತ್ತದೆ ಎಂದರು.

ಪರೀಕ್ಷೆಯ ಔಷಧಿಗೆ ಅವನ ಕಣ್ಣು ಮಸುಕಾಗಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ರಿಕ್ಷಾಕ್ಕೆ ಕಾಯುತ್ತಿದ್ದೆವು. ಅಣ್ಣ ಕೇಳಿದ:

"ಬಾಪ ಕೊನೆಕೊನೆಗೆ ಬಾಗಿಲಿಗೆಲ್ಲ ಡಿಕ್ಕಿ ಹೊಡೀತಾ ಇದ್ರಲ್ಲ, ನೆನಪುಂಟಾ?"

ನಮ್ಮ ತಂದೆ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಪ್ರಾಯವಾಯಿತು, ಗಮನ ಇಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

"ನೋಡಿ ನಡೀರಿ ಅಂತ ಗದರಿಸ್ತಾ ಇದ್ದೆ ನಾನು," ಎಂದ ಅಣ್ಣ. "ದಿನಾ ಗದರಿಸ್ತಾ ಇದ್ದೆ."

ರಿಕ್ಷಾ ಬಂದು ನಿಂತಿತ್ತು. ಇಬ್ಬರಿಗೂ ಏಳಲಾಗಲಿಲ್ಲ.