ಮೇಜಿನ ಮೇಲೆ ಜಪಾನು

ಲಕ್ಷ್ಮೇಶ್ವರದಿಂದ ಓದುಗರೊಬ್ಬರು ಫೋನ್ ಮಾಡಿದ್ದರು. ನಿವೃತ್ತ ಮಾಸ್ತರರು. (ನನ್ನ ಅಂಕಣವನ್ನು ಕತ್ತರಿಸಿ ಇಟ್ಟುಕೊಳ್ಳುವ ಪುಣ್ಯಾತ್ಮರು. ಹಾಗಾಗಿ ಬೈಯುವ ಹಕ್ಕು ಅವರಿಗಿದೆ.)

“ಯಾಕ್ರಿ ತಂಗಿ, ಇತ್ತಿತ್ಲಾಗ ನಿಮ್ಮ ಬರಹ ಭಾಳ ಗಿಡ್ಡ ಆಗ್ಯಾವಲ್ಲ? ಚಾ ಆರೂದ್ರಾಗ ಓದಿ ಮುಗದು ಹೋಗ್ತಾವ. ಆರಾಮ ಅದೀರಿಲ್ಲೊ?”

ಆರಾಮ ಇದ್ದೇನೆ ಮಾಸ್ತರರೇ. ಆದರೆ ನಿಂತು ಬರೆಯುತ್ತಿದ್ದೇನೆ. ಈ ಕಡೆ ಮಿಕ್ಸರ್, ಆ ಕಡೆ ಕುಕ್ಕರ್, ನಡುವೆ ಉಳಿದ ಅಂಗೈ ಅಗಲದ ಅಡುಗೆಕಟ್ಟೆಯ ಮೇಲೆ ಹಾಳೆ. ಕುಕ್ಕರ್ ಸೀಟಿ ಹಾಕುವುದರೊಳಗೆ ಪ್ಯಾರಾ ಮುಗಿಯಬೇಕು. ಹೀಗೆ ಬರೆದದ್ದು ಉದ್ದವಾಗುವುದು ಹೇಗೆ? ಉದ್ದವಾಗುವುದು ಕಾಲುನೋವು ಮಾತ್ರ.

ಕೂತು ಬರೆಯಲು ನನಗೊಂದು ಮೇಜು ಇತ್ತು. ಈಗ ಅದರ ಮೇಲೆ ಜಪಾನು ಕೂತಿದೆ.

ಆ ಮೇಜಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಲಕ್ಷ್ಮೇಶ್ವರದ ಅರಳೆ ಅಡತಿ ಅಂಗಡಿಯೊಂದು ಬಾಗಿಲು ಹಾಕಿದಾಗ, ಅಲ್ಲಿದ್ದ ಸಾಗವಾನಿ ಮೇಜನ್ನು ಅಪ್ಪ ನನಗೆಂದೇ ಕೊಂಡು ಗದಗಿಗೆ ಹೊತ್ತು ತರಿಸಿದ್ದರು. “ಬರಿಯೂದು ಬಿಡಬ್ಯಾಡ” ಎಂದಷ್ಟೇ ಹೇಳಿ, ನೀರು ಕುಡಿದು, ಸಂಜೆಯ ಬಸ್ಸಿಗೆ ಹೋಗಿಬಿಟ್ಟರು. ನಾಲ್ಕು ಜನ ಹತ್ತಿ ನಿಂತರೂ ಅಲುಗದ ಮೇಜು ಅದು. ಅಲುಗದಿರುವ ಗುಣವೇ ಅದಕ್ಕೆ ಮುಳುವಾಯಿತು.

ನಮ್ಮ ಮನೆಯವರು ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸುತ್ತಾರೆ. ಅವರ ಕೈಯಲ್ಲಿರುವ ಮೊಬೈಲು ಅವರಿಗೆ ಉಳಿದದ್ದನ್ನೆಲ್ಲ ಕಲಿಸುತ್ತದೆ. ಹೋದ ವರ್ಷ ಸಿರಿಧಾನ್ಯ ಕಲಿಸಿತ್ತು, ಅದರ ಹಿಂದಿನ ವರ್ಷ ಕೊಳಲು. (ಕೊಳಲು ಈಗ ಫ್ಯಾನಿನ ಜೇಡರಬಲೆ ಕೆಡವಲು ಬಳಕೆಯಾಗುತ್ತಿದೆ.) ಈ ಸಲ ಬಂದದ್ದು ಒಂದು ವಿಡಿಯೋ. ಗಾಜಿನ ತೊಟ್ಟಿ, ಒಳಗೆ ಹಸಿರು ಹಾಸು, ನಡುವೆ ಕೆಲವು ಕಲ್ಲು, ಅವುಗಳ ಮೇಲೆ ಸುಮ್ಮನೆ ತೇಲುವ ನಾಲ್ಕಾರು ಸಣ್ಣ ಮೀನು. ಇದಕ್ಕೆ ಇವಾಗುಮಿ ಎನ್ನುತ್ತಾರಂತೆ. ಜಪಾನಿನವರು ಕಲ್ಲು ಜೋಡಿಸುವ ಪದ್ಧತಿ.

“ಇದು ಮೀನಿನ ಡಬ್ಬಿ ಅಲ್ಲ ಗಿರಿಜಾ, ಧ್ಯಾನ ಇದು. ಪ್ರಕೃತೀನ್ನ ಮನಿಯೊಳಗ ತರೂದು.”

ಪ್ರಕೃತಿಯಂತೆ. ನಮ್ಮ ಮಾಳಿಗೆ ಹತ್ತಿ ನಿಂತರೆ ದೂರದಲ್ಲಿ ಕಪ್ಪತಗುಡ್ಡ ಕಾಣುತ್ತದೆ. ಮಳೆಗಾಲದಲ್ಲಿ ಒಮ್ಮೆ ಹತ್ತಿ ನೋಡಿ ಎಂದರೆ “ಕಾಲು ಜಾರ್ತಾವ” ಎನ್ನುವ ಮನುಷ್ಯ ಇವರು. ಗುಡ್ಡ ತನ್ನ ಪಾಡಿಗೆ ತಾನಿದ್ದರೆ ಇವರಿಗೆ ಸಾಲದು, ಗಾಜಿನೊಳಗೆ ಕೂಡಿ ಹಾಕಬೇಕು.

ತೊಟ್ಟಿ ಮಾಡಿಕೊಟ್ಟವರು ಬೆಟಗೇರಿಯ ಗಾಜಿನ ಅಂಗಡಿಯ ರಫೀಕ್ ಭಾಯಿ. ಹೊತ್ತು ತಂದ ದಿನ ಮನೆಯಲ್ಲಿ ಜಾಗದ ಪರೀಕ್ಷೆ ನಡೆಯಿತು. ನಮ್ಮವರು ಗೌಂಡಿಯ ಹತ್ತಿರ ಲೆವೆಲ್ ಪಟ್ಟಿ ಇಸಿದುಕೊಂಡು ಬಂದು ಊಟದ ಟೇಬಲ್ ಮೇಲೆ ಇಟ್ಟರು, ಫೇಲ್. ಟಿವಿ ಸ್ಟ್ಯಾಂಡ್, ಫೇಲ್. ಕೊನೆಗೆ ನನ್ನ ಮೇಜಿನ ಮೇಲಿದ್ದ ಹಾಳೆ ಪುಸ್ತಕಗಳನ್ನು ಒಂದು ಬದಿಗೆ ಸರಿಸಿ ಪಟ್ಟಿ ಇಟ್ಟರು. ಮೇಜು ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು.

“ಇದರ ಮ್ಯಾಲ ಅಕ್ಕಾರ ಬರೀತಾರಲ್ರಿ ಸರ,” ಎಂದರು ರಫೀಕ್ ಭಾಯಿ.

“ಆಕೀದೇನು, ಎಲ್ಲಿ ಕುಂತ್ರೂ ಬರೀತಾಳ. ಟ್ಯಾಂಕಿಗೆ ಲೆವೆಲ್ ಬೇಕ ಬೇಕಲ್ಲ.”

ಎಲ್ಲಿ ಕೂತರೂ ಬರೆಯುತ್ತಾಳೆ. ಇದನ್ನು ಅವರು ಹೊಗಳಿಕೆ ಎಂದೇ ತಿಳಿದಿದ್ದಾರೆ. ನಿಮ್ಮ ಮನೆಯಲ್ಲೂ ಈ ಮಾತು ಬೇರೆ ವೇಷದಲ್ಲಿ ಇರುತ್ತದೆ, ಹುಡುಕಿ. ಆಕೆ ಎಲ್ಲಿ ಬೇಕಾದರೂ ಹೊಲಿಯುತ್ತಾಳೆ, ಎಲ್ಲಿ ಬೇಕಾದರೂ ಮಲಗುತ್ತಾಳೆ, ಏನು ಉಳಿದಿದ್ದರೂ ಉಣ್ಣುತ್ತಾಳೆ. ಗಂಡಸರು ಹೊತ್ತು ಕಳೆಯಲು ಮಾಡುವ ಕೆಲಸಕ್ಕೆ ಹವ್ಯಾಸ ಎಂದು ಹೆಸರು, ಅದಕ್ಕೊಂದು ಜಾಗ, ಒಂದು ಲೈಟು, ಒಂದು ಪ್ಲಗ್ ಪಾಯಿಂಟು. ಹೆಂಗಸರು ವಾರವಾರವೂ ತಪ್ಪದೆ ಮಾಡುವ ಕೆಲಸಕ್ಕೆ ಅಡುಗೆಕಟ್ಟೆ ಸಾಕು. “ಬರೇ ಎರಡು ತಿಂಗಳು, ಆಮ್ಯಾಲೆ ಬ್ಯಾರೆ ಸ್ಟ್ಯಾಂಡ್ ಮಾಡಸ್ತೀನಿ” ಎಂದು ನಮ್ಮವರು ಮಾತು ಕೊಟ್ಟರು. ನಂಬಿದೆ. ನಂಬದೆ ಏನು ಮಾಡಲಿ?

ಆಮೇಲೆ ಕಲ್ಲಿನ ಬೇಟೆ. ಒಂದು ರವಿವಾರ ನನ್ನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಹೋದರು. ತುಂಗಭದ್ರೆಯ ದಂಡೆಯಲ್ಲಿ ಬಗ್ಗಿ ಬಗ್ಗಿ ಒಂದು ಚೀಲ ಕಲ್ಲು ಆರಿಸಿದರು. ಆ ಚೀಲವನ್ನು ಗದಗಿನತನಕ ನನ್ನ ತೊಡೆಯ ಮೇಲೆ ಹೊತ್ತು ತಂದದ್ದಾಯಿತು. ಮನೆಗೆ ಬಂದು ವಿಡಿಯೋ ನೋಡಿದರೆ, ನುಣುಪು ಕಲ್ಲು ನಡೆಯುವುದಿಲ್ಲವಂತೆ. ಏಣು ಇರಬೇಕು, ಬಿರುಕು ಇರಬೇಕು, ಎಲ್ಲವೂ ಒಂದೇ ಜಾತಿಯದಾಗಿರಬೇಕು. ಚೀಲ ಹಿತ್ತಲಿಗೆ ಹೋಯಿತು. ಅದರಲ್ಲಿ ಬಿಳಿ ಗೀರಿದ್ದ ಒಂದು ಕಲ್ಲು ಮಾತ್ರ ನನಗೆ ಇಷ್ಟವಾಗಿ, ಹಾಳೆ ಹಾರದಂತೆ ಇಡಲು ಎತ್ತಿಟ್ಟುಕೊಂಡೆ. ಈ ಕಲ್ಲು ನಿಮ್ಮ ನೆನಪಿನಲ್ಲಿರಲಿ.

ಮುಂದೆ ಕುರಿಯರಿನಲ್ಲಿ ಕಲ್ಲು ಬಂದವು. ಹೌದು, ಗದಗ ಜಿಲ್ಲೆಗೆ ಕುರಿಯರಿನಲ್ಲಿ ಕಲ್ಲು. ಒಂದೊಂದಕ್ಕೂ ಬಾಣಂತಿಯ ಕೂಸಿಗೆ ಸುತ್ತಿದಂತೆ ಪ್ಲಾಸ್ಟಿಕ್ ಸುತ್ತಿದ್ದರು. ಹಿಂದೆಯೇ ಮಣ್ಣೂ ಬಂತು. ಕರಿ ಮಣ್ಣು. ಎರೆಹೊಲದ ನಾಡಿಗೆ, ಮಳೆ ಬಂದರೆ ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುವ ಮಣ್ಣಿನ ನಾಡಿಗೆ, ಪ್ಯಾಕೆಟ್ಟಿನಲ್ಲಿ ಕರಿ ಮಣ್ಣು. ಅದು ಕಾಳುಕಾಳಾಗಿ ಸಜ್ಜೆಯ ಹಾಗಿತ್ತು. ಪಾರ್ಸೆಲ್ ತಂದವನು ಏನಿದೆ ಎಂದು ಕೇಳಿದಾಗ ನಾನು “ಔಷಧ” ಎಂದೆ. ಮನೆಯ ಮರ್ಯಾದೆ ಎಂಬುದೊಂದು ಇರುತ್ತದಲ್ಲ?

ಕಲ್ಲು ಇಡಲು ನಿಯಮಗಳಿವೆ. ಬೆಸ ಸಂಖ್ಯೆಯಲ್ಲೇ ಇರಬೇಕು, ಸಮ ಆದರೆ ಕಣ್ಣು ಒಪ್ಪುವುದಿಲ್ಲ. ನಮ್ಮವರು ಐದು ಇಟ್ಟರು. ಎಲ್ಲಕ್ಕಿಂತ ದೊಡ್ಡದು ಯಜಮಾನ. ಅದು ಸ್ವಲ್ಪ ಓರೆಯಾಗಿ, ಹೊಳೆಯ ಸೆಳವಿಗೆ ಎದೆ ಕೊಟ್ಟಂತೆ ನಿಲ್ಲಬೇಕು. ಉಳಿದವು ಅದರ ಕಡೆ ಬಾಗಿರಬೇಕು. ಕೊನೆಯದಾಗಿ ಒಂದು ಸಣ್ಣ ಕಲ್ಲು. ಅದು ಇದ್ದೂ ಇಲ್ಲದಂತಿದ್ದು, ಹಸಿರು ಬೆಳೆದ ಮೇಲೆ ಪೂರಾ ಮುಚ್ಚಿಹೋಗಬೇಕು. ಅದರ ಕೆಲಸ ಉಳಿದವರು ಚೆಂದ ಕಾಣುವಂತೆ ಮಾಡುವುದು. ಇದಕ್ಕೆ ಜಪಾನಿ ಭಾಷೆಯಲ್ಲಿ ಬಿಟ್ಟುಕೊಟ್ಟ ಕಲ್ಲು ಎಂಬಂಥ ಹೆಸರಿದೆಯಂತೆ.

ಇದನ್ನು ಕಲಿಯಲು ಜಪಾನಿಗೆ ಹೋಗಬೇಕಿತ್ತೆ? ಬೆಟಗೇರಿಯ ಯಾವ ಮನೆಯ ಪಡಸಾಲೆಗೆ ಹೋದರೂ ಸಿಗುತ್ತಿತ್ತು.

ಇನ್ನೊಂದು ನಿಯಮ, ಸುಣ್ಣ ಸೋಂಕಬಾರದು. ಆ ಮಣ್ಣಿಗೆ ಸುಣ್ಣ ಬಿದ್ದರೆ ಅದರ ಗುಣವೇ ಕೆಟ್ಟು ಗಿಡ ಹಳದಿಯಾಗುತ್ತದಂತೆ. ಕಲ್ಲಿನಲ್ಲಿ ಸುಣ್ಣ ಇದೆಯೋ ಇಲ್ಲವೋ ನೋಡಲು ನನ್ನ ಲಿಂಬೆಹಣ್ಣೆಲ್ಲ ಹಿಂಡಿ, ನೊರೆ ಬರುತ್ತದೆಯೇ ಎಂದು ಮೂಗು ತಾಗಿಸಿ ಕಾದರು. ಕಲ್ಲಿಗೆ ಶರಬತ್ತು ಕುಡಿಸಿದ ಪ್ರೊಫೆಸರರನ್ನು ಈ ಜಿಲ್ಲೆ ಮೊದಲ ಸಲ ನೋಡಿತು.

ಇಷ್ಟೆಲ್ಲ ಆಗಿ ನೀರು ಮಾತ್ರ ಹಾಕಲಿಲ್ಲ. ಮೊದಲು ಹಸಿ ಮಣ್ಣಿನಲ್ಲಿ ಹುಲ್ಲಿನಂಥ ಗಿಡ ನೆಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬೇರು ಹಿಡಿದ ಮೇಲೆ ನೀರು, ಆಮೇಲೆ ಮೀನು. ಅಂದರೆ ನನ್ನ ಮೇಜಿನ ಮೇಲಿದ್ದದ್ದು ನೀರೂ ಇಲ್ಲದ, ಮೀನೂ ಇಲ್ಲದ ಮೀನಿನ ತೊಟ್ಟಿ. (ನಮ್ಮೂರ ನಳದ ಹಾಗೆ. ನಳ ಇದೆ, ನೀರು ಆಮೇಲೆ.)

ಈ ಹೊತ್ತಿಗೆ ನಮ್ಮ ಅತ್ತೆ ಮನೆಗೆ ಬಂದರು. ಅವರಿರುವುದು ಶಿರಹಟ್ಟಿ ಕಡೆಯ ಹಳ್ಳಿಯಲ್ಲಿ, ಮೈದುನನ ಜೊತೆ. ಮಂಡಿಗೆ ಔಷಧ ಮಾಡಿಸಲು ಗದಗಿಗೆ ಬಂದವರು ಎಳ್ಳಮಾವಾಸ್ಯೆಗೂ ಊರಿಗೆ ಹೋಗಲಾಗದೆ ಉಳಿದರು. ಆ ದಿನ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಬೆಳೆಯ ಮೇಲೆ ಚರಗ ಚೆಲ್ಲದೆ ಅವರು ಒಂದು ವರ್ಷವನ್ನೂ ಕಳೆದವರಲ್ಲ. ನಾಲ್ಕು ದಿನ ಮೊದಲಿನಿಂದಲೇ ಮಾತು ಕಡಿಮೆಯಾಗಿತ್ತು. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತು ನೋಡುತ್ತಿದ್ದರು. ಟಿವಿ ಬೇಸರವಾಗಿರಬೇಕು ಎಂದುಕೊಂಡೆ.

ಅಮಾವಾಸ್ಯೆಯ ದಿನ ನಮ್ಮವರು ಕಾಲೇಜಿಗೆ ಹೋಗಿದ್ದರು. ನಾನು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು ಮಾಡಿ, ಒಂದು ತಾಟಿನಲ್ಲಿ ಅತ್ತೆಗೆ ಕೊಟ್ಟು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಸಣ್ಣ ದನಿ ಕೇಳಿತು. ಹೋಗಿ ನೋಡಿದೆ.

ಪ್ಲಾಸ್ಟಿಕ್ ಹಾಳೆ ನೆಲದ ಮೇಲಿತ್ತು. ಅತ್ತೆಯ ಎಲೆಅಡಿಕೆ ಚೀಲದ ಸುಣ್ಣದ ಡಬ್ಬಿ ಬಾಯಿ ತೆರೆದಿತ್ತು. ಯಜಮಾನ ಕಲ್ಲಿನಿಂದ ಹಿಡಿದು ಬಿಟ್ಟುಕೊಟ್ಟ ಕಲ್ಲಿನತನಕ ಐದಕ್ಕೂ ದಪ್ಪಗೆ ಸುಣ್ಣ ಬಳಿದು, ಕುಂಕುಮ ಇಟ್ಟಿದ್ದರು. ಹೊಲದಲ್ಲಿ ಆ ದಿನ ಹೀಗೆಯೇ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಐವರು ದೇವರೆಂದು ಪೂಜೆ ಮಾಡುತ್ತಾರಲ್ಲ. ರೊಟ್ಟಿ, ಪಲ್ಯ, ಕಡಬನ್ನು ಕಲಸಿ ಚೂರುಚೂರಾಗಿ ಆ ಹಸಿರಿನ ಮೇಲೆಲ್ಲ ಚೆಲ್ಲುತ್ತಿದ್ದರು. ಐದು ಕಲ್ಲಿನ ಹಿಂದೆ ಆರನೆಯದು ಒಂದಿತ್ತು. ಬಿಳಿ ಗೀರಿನ ಕಲ್ಲು. ನನ್ನದು.

“ಅತ್ತೀ, ಇದ್ಯಾಕ್ರಿ ಇಲ್ಲಿ?”

“ಇದು ಕಳ್ಳ, ಯವ್ವಾ. ಐದು ಮಂದಿ ಹಿಂದ ಒಬ್ಬ ಕಳ್ಳನ್ನ ಇಡಬೇಕು. ಇಲ್ಲಂದ್ರ ಪೂಜಾ ಪೂರಾ ಆಗೂದಿಲ್ಲ. ನಿನ್ನ ಕಾಗದದ ಮ್ಯಾಲ ಸುಮ್ನ ಬಿದ್ದಿತ್ತು, ತಗೊಂಡೆ.”

ನಾನು ತಡೆಯಲಿಲ್ಲ. ಖರೆ ಹೇಳಬೇಕೆಂದರೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಸುಣ್ಣ ಬಿತ್ತು, ಮಣ್ಣು ಕೆಟ್ಟಿತು, ಜಪಾನು ಮುಗಿಯಿತು, ನನ್ನ ಮೇಜು ನನಗೆ ಬಂತು. ಸಂಜೆ ಇವರ ಮುಖ ನೋಡಲು ಬಾಗಿಲ ಹತ್ತಿರವೇ ನಿಂತಿದ್ದೆ.

ಬಂದರು. ಕೈಯ ಬ್ಯಾಗು ಕೈಯಲ್ಲೇ ಉಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಗನ ಕೈ ಹಿಡಿದುಕೊಂಡರು.

“ನಾ ಈ ವರ್ಷ ಹೊಲಕ್ಕ ಹೋಗಾಕ ಆಗೂದಿಲ್ಲಂತ ಹೊಲಾನ ಮನಿಗೆ ತಂದಿಟ್ಟೀಯಲ್ಲೋ ತಮ್ಮಾ. ಎರಿ ಮಣ್ಣು, ಹಸರು ಬೆಳಿ, ಐದು ಮಂದಿ ದೇವರು. ನಾನs ನೋಡಿ ತಿಳ್ಕೊಳ್ಳಿ ಅಂತ ಒಂದು ಮಾತೂ ಹೇಳಲಿಲ್ಲ ನೋಡು ನೀ.” ಅವರ ಕಣ್ಣು ತುಂಬಿತ್ತು. ನಾನೂ ಸೆರಗಿಗೆ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಈಗ ಒಬ್ಬ ಮನುಷ್ಯ ಏನು ಹೇಳಬೇಕು? ಅವ್ವಾ, ಇದು ಹೊಲ ಅಲ್ಲ, ನಿನ್ನನ್ನು ನೆನೆದು ಮಾಡಿದ್ದೂ ಅಲ್ಲ ಎಂದು ಹೇಳುವುದು ಕಷ್ಟ, ಒಪ್ಪುತ್ತೇನೆ. ಸುಮ್ಮನಿರಬಹುದಿತ್ತು. ನಮ್ಮವರು ಸುಮ್ಮನಿರಲಿಲ್ಲ.

“ಮತ್ತೇನಬೇ ಅವ್ವಾ,” ಎಂದರು. “ನಿನಗ ಹೊಲದ್ದs ಚಿಂತಿ ಅಂತ ನನಗ ಗೊತ್ತಿಲ್ಲೇನು?”

ಗೊತ್ತಿತ್ತಂತೆ. ಆ ರಾತ್ರಿಯೇ ಮೈದುನನಿಗೆ ಫೋನ್ ಹೋಯಿತು, ನಾದಿನಿಗೆ ಫೋಟೋ ಹೋಯಿತು. ಮಗ ಅಂದರೆ ಹೀಗಿರಬೇಕು ಎಂದು ಎಲ್ಲ ಕಡೆಯಿಂದ ಹೊಗಳಿಕೆ ಬಂತು. ಇವರು ಅದನ್ನೆಲ್ಲ ಓರೆಯಾಗಿ, ಎದೆ ಮುಂದೆ ಮಾಡಿ ನಿಂತು ಸ್ವೀಕರಿಸಿದರು. ನನ್ನ ಕಿವಿಯಲ್ಲಿ ಮಾತ್ರ ಒಂದು ಸಂಕಟ ತೋಡಿಕೊಂಡರು: “ಆರು ಆದ್ವಲ್ಲs. ಸಮ ಆಗಿಬಿಡ್ತು.”

ಈಗ ಆ ಹಸಿರು ಹಳದಿಯಾಗಿ ಮಲಗಿದೆ. ಕಡಬಿನ ಚೂರಿಗೆ ಬೂಸಲು ಬಂದಿದೆ. ನೀರು ಹಾಕುವ ಮಾತಿಲ್ಲ, ಮೀನಿನ ಸುದ್ದಿಯಿಲ್ಲ. ಮೊನ್ನೆ ಹೇಳಿದೆ, “ಹೆಂಗೂ ಕೆಟ್ಟೈತಿ, ತಗೀರಿ. ನನ್ನ ಮೇಜು ಖಾಲಿ ಮಾಡಿಕೊಡ್ರಿ.”

“ಅದೆಂಗ ತಗೀಯಾಕ ಬರ್ತೈತಿ ಗಿರಿಜಾ? ಅವ್ವ ಪೂಜಾ ಮಾಡ್ಯಾಳ. ಮುಂದಿನ ವರ್ಷದ ಎಳ್ಳ ಅಮಾಸಿಗೂ ಇರಲಿ ಅಂದಾಳ. ನಿಂದೇನು, ಎಲ್ಲಿ ಕುಂತ್ರೂ ಬರೀತಿ.”

ಹವ್ಯಾಸದ ಮೇಲೆ ಜಗಳ ಮಾಡಬಹುದಿತ್ತು. ದೇವರ ಮೇಲೆ, ಅದೂ ಅತ್ತೆಯ ಕಣ್ಣೀರು ಬಿದ್ದ ದೇವರ ಮೇಲೆ, ಯಾವ ಸೊಸೆ ಜಗಳ ಮಾಡಿ ಗೆದ್ದಿದ್ದಾಳೆ? ಹಾಗಾಗಿ ಮಾಸ್ತರರೇ, ಇದನ್ನೂ ನಿಂತೇ ಬರೆದಿದ್ದೇನೆ. ಇವತ್ತು ಕುಕ್ಕರ್ ಇಟ್ಟಿಲ್ಲ, ಅದಕ್ಕೇ ಇಷ್ಟು ಉದ್ದವಾಗಿದೆ. ಫ್ಯಾನಿನ ಗಾಳಿಗೆ ಹಾಳೆ ಹಾರುತ್ತದೆ, ಒತ್ತಿ ಹಿಡಿಯಲು ನನ್ನ ಕಲ್ಲೂ ಇಲ್ಲ.

ಅಪ್ಪ ಕೊಟ್ಟ ಮೇಜಿನ ಮೇಲೆ ಈಗ ನನ್ನದೆಂದು ಉಳಿದಿರುವುದು ಅದೊಂದೇ. ಇಡೀ ಮೇಜನ್ನು ನುಂಗಿದವರು ದೇವರಾದ ಮನೆಯಲ್ಲಿ, ಕಳ್ಳ ಎಂಬ ಹೆಸರು ನನ್ನ ಕಲ್ಲಿಗೇ ಯಾಕೆ ಬಂತು ಹೇಳಿ?